ಕೆಸರು ತೊಳೆದಾಗ ಕಂಡ ಚಿನ್ನದ ಕೂದಲು

1966ರ ನವೆಂಬರ್ 4ರಂದು ಆರ್ನೊ ನದಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ನುಗ್ಗಿತು. ನೀರಿನ ಜೊತೆ ಕೆಸರು, ಮನೆ ಬೆಚ್ಚಗಿಡಲು ತುಂಬಿಟ್ಟಿದ್ದ ಎಣ್ಣೆ ಕೂಡ ಬಂತು. ಕ್ರೈಸ್ತರ ದೀಕ್ಷಾಸ್ನಾನದ ಮಂದಿರದಲ್ಲಿದ್ದ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಮರದ ಮೂರ್ತಿಯೂ ಅದರಲ್ಲಿ ನೆನೆಯಿತು. 15ನೇ ಶತಮಾನದ ನಡುಭಾಗದಲ್ಲಿ ಡೊನಾಟೆಲ್ಲೊ ಕೆತ್ತಿದ ಮೂರ್ತಿ ಅದು. ಉಪವಾಸದಿಂದ ಬತ್ತಿದ ಮುಖ, ಮೈಯನ್ನೇ ಮುಚ್ಚಿದ ಕೂದಲು. ಕೈಗಳು ಇನ್ನೇನು ಜೋಡಿಸಬೇಕು, ಅಷ್ಟರಲ್ಲಿ ನಿಂತುಬಿಟ್ಟಿವೆ.

ಇಂಥ ಮೂರ್ತಿಗೆ ನೀರು ಯಾಕೆ ಅಷ್ಟು ಕೆಟ್ಟದ್ದು? ಬಣ್ಣ ನೇರವಾಗಿ ಮರದ ಮೇಲೆ ಕೂತಿರುವುದಿಲ್ಲ. ಮೊದಲು ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟಿನಲ್ಲಿ ಜಿಪ್ಸಮ್ ಪುಡಿ ಕಲಸಿ, ಪದರ ಪದರವಾಗಿ ಬಳಿಯುತ್ತಿದ್ದರು. ಬಣ್ಣ ಅದರ ಮೇಲೆ. ಚಿನ್ನದ ರೇಕು ಹಚ್ಚುವಲ್ಲಿ ನಡುವೆ ನಯವಾದ ಕೆಂಪು ಜೇಡಿಮಣ್ಣು. ನೀರು ಸೋಕಿದರೆ ಆ ಅಂಟು ಮೆತ್ತಗಾಗುತ್ತದೆ.

ಮರದ ಕಥೆಯೇ ಬೇರೆ. ಕಡಿದು ಶತಮಾನ ಕಳೆದರೂ ಅದು ಗಾಳಿಯ ತೇವ ಕುಡಿಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುತ್ತದಲ್ಲ, ಅದೇ ಗುಣ. ಆದರೆ ಎಲ್ಲ ಕಡೆಗೂ ಒಂದೇ ಸಮ ಹಿಗ್ಗುವುದಿಲ್ಲ. ಉದ್ದಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ, ಉಂಗುರಗಳ ಗುಂಟ ಸುಮಾರು ಅದರ ಎರಡರಷ್ಟು. ಹಾಗಾಗಿಯೇ ಇಡೀ ದಿಮ್ಮಿ ಒಣಗುವಾಗ ಸೀಳುವುದು. ಜರ್ಮನಿಯಲ್ಲಿ, 1500ರ ಆಸುಪಾಸಿನಲ್ಲಿದ್ದ ಟಿಲ್ಮನ್ ರೀಮನ್‌ಶ್ನೈಡರ್ ಎಂಬ ಶಿಲ್ಪಿಯ ಕಾಲದವರು ಲಿಂಡನ್ ಮರದ ಮೂರ್ತಿಗಳ ಬೆನ್ನು ಕೊರೆದು, ತಿರುಳು ತೆಗೆದು ಪೊಳ್ಳು ಮಾಡುತ್ತಿದ್ದರು. ಆಗ ಸೀಳು ಕಡಿಮೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ಕೈಯಿಂದಲೇ ಕಂಡುಕೊಂಡ ವಿಜ್ಞಾನ ಇದು. ನನಗಂತೂ ಬಹಳ ದೊಡ್ಡದು ಅನಿಸುತ್ತದೆ.

ನೆನೆದ ಮರ ಒಣಗಿದಾಗ ಕುಗ್ಗುತ್ತದೆ, ಬಣ್ಣ ಅಷ್ಟು ಕುಗ್ಗುವುದಿಲ್ಲ. ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದೇ ಪ್ರವಾಹದಲ್ಲಿ ಚಿಮಾಬುಯೆ ಎಂಬ ಹಳೆಯ ಕಲಾವಿದನ ಮರದ ಶಿಲುಬೆ ಸುಮಾರು 60 ಶೇಕಡ ಬಣ್ಣ ಕಳೆದುಕೊಂಡಿತು. ನೆನೆದ ಹಲಗೆಯ ಚಿತ್ರಗಳನ್ನು ಬೊಬೊಲಿ ತೋಟದ ನಿಂಬೆಗಿಡಗಳ ಮನೆಯಲ್ಲಿಟ್ಟು, ಗಾಳಿಯ ತೇವವನ್ನು ನಿಧಾನವಾಗಿ ಇಳಿಸಿ ಒಣಗಿಸಿದರು. ಬೇಗ ಒಣಗಿಸಿದ್ದರೆ ಅವೂ ಉಳಿಯುತ್ತಿರಲಿಲ್ಲ.

ಮರಿಯಳನ್ನು ತೊಳೆಯುವಾಗ ಇನ್ನೊಂದು ಸಂಗತಿ ಗೊತ್ತಾಯಿತು. ಜನ ಅಷ್ಟು ಕಾಲ ನೋಡಿದ್ದ ಆ ಕಂದು ಬಣ್ಣ ಡೊನಾಟೆಲ್ಲೊನದ್ದೇ ಅಲ್ಲ, ಆಮೇಲೆ ಯಾರೋ ಬಳಿದದ್ದು. ಅದನ್ನು ಎಚ್ಚರದಿಂದ ತೆಗೆದಾಗ, ಕೆಳಗೆ ಬಿಸಿಲಿಗೆ ಸುಟ್ಟ ಮೈಬಣ್ಣ ಕಂಡಿತು. ಕೂದಲ ಎಳೆಗಳ ನಡುವೆ ಚಿನ್ನ ಹೊಳೆಯಿತು.