ಸೋಮವಾರದ ವಿಚಾರಣೆ: ಕ್ರೈಸ್ತರ ಸಮಾಧಾನದ ಕೆಲಸ ಬೆಳೆದು ಬಂದ ದಾರಿ

ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ. ಸಿಟ್ಟಿಗೆದ್ದವರಿಗೆ 'ಸ್ವಲ್ಪ ಸಮಾಧಾನ ತಂದುಕೊಳ್ಳಿ' ಅನ್ನುತ್ತೇವೆ. ಈ ಪದ ಕನ್ನಡದಲ್ಲಿ ಇಷ್ಟು ಮೆತ್ತಗಿರುವುದರಿಂದಲೇ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ, 9ನೇ ವಚನ ಓದುವಾಗ ತಪ್ಪು ಅರ್ಥವೊಂದು ಸದ್ದಿಲ್ಲದೆ ನುಸುಳುತ್ತದೆ. 'ಸಮಾಧಾನಪಡಿಸುವವರು ಧನ್ಯರು' ಎಂದಾಗ, ಜಗಳವಾಡುವವರ ಬೆನ್ನು ಸವರಿ ಸುಮ್ಮನಿರಿಸುವವರನ್ನು ಯೇಸು ಹೊಗಳಿದಂತೆ ಕೇಳಿಸುತ್ತದೆ. ನೊಂದವರ ಬಾಯಿ ಮುಚ್ಚಿಸಲು ಈ ವಚನವನ್ನು ಬಳಸುವುದು ಈ ಅರ್ಥ ಬೇರೂರಿದ ಮೇಲೆಯೇ.

ಮೂಲ ಗ್ರೀಕಿನಲ್ಲಿರುವ ಪದ 'ಐರೆನೊಪೊಯೊಸ್'. ಐರೆನೆ ಎಂದರೆ ಶಾಂತಿ, ಪೊಯೆಯೊ ಎಂದರೆ ಮಾಡು, ಉಂಟುಮಾಡು. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಕಡೆ. ಇದರ ಕ್ರಿಯಾಪದ ಕೊಲೊಸ್ಸೆಯವರಿಗೆ ಬರೆದ ಪತ್ರದ 1:20ರಲ್ಲಿದೆ: ಕ್ರಿಸ್ತನು ಶಿಲುಬೆಯ ರಕ್ತದಿಂದ ಸಮಾಧಾನ ಮಾಡಿದ ಎಂಬಲ್ಲಿ. ಆ ಕಾಲದಲ್ಲಿ ಲೋಕಕ್ಕೆ ಶಾಂತಿ ತಂದವರೆಂಬ ಕೀರ್ತಿ ರೋಮಿನ ಚಕ್ರವರ್ತಿಗಳದ್ದು. ಅಗಸ್ಟಸ್ ಸ್ಪೇನ್ ಮತ್ತು ಗಾಲ್ ಪ್ರಾಂತಗಳಿಂದ ಮರಳಿದ ನೆನಪಿಗೆ ಕಟ್ಟಿದ ಶಾಂತಿಯ ಬಲಿಪೀಠ ಕ್ರಿ.ಪೂ. 9ರಲ್ಲಿ ಪ್ರತಿಷ್ಠೆಯಾಯಿತು. ಗೆದ್ದವನು ಹೇಳಿದ್ದೇ ಶಾಂತಿ. ಯೇಸು ಆ ಗೌರವವನ್ನು ಕಿತ್ತು, ದುಃಖಪಡುವವರು, ನೀತಿಗೆ ಹಸಿದು ಬಾಯಾರಿದವರು ನಿಂತ ಸಾಲಿಗೆ ತಂದ.

ಅವನ ಬೆನ್ನ ಹಿಂದೆ ಇದ್ದದ್ದು ಹೀಬ್ರೂವಿನ 'ಶಾಲೋಮ್'. ಕುಂದಿಲ್ಲದ ಪೂರ್ಣತೆ ಎಂಬುದು ಅದರ ಅರ್ಥ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಕ್ರಿಯಾಪದಕ್ಕೆ ನಷ್ಟ ತುಂಬಿಕೊಡು ಎಂಬ ಅರ್ಥ. ಕದ್ದ ಕುರಿಯನ್ನು ಕೊಯ್ದವನು ಅಥವಾ ಮಾರಿದವನು ಒಂದಕ್ಕೆ ನಾಲ್ಕು ಕೊಡಬೇಕು ಎನ್ನುವ ವಿಮೋಚನಕಾಂಡದ ಕಟ್ಟಳೆಯಲ್ಲಿರುವುದು ಈ ಪದವೇ. ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದದ್ದು ಈ ಲೆಕ್ಕದ ನೆನಪಿನಲ್ಲೇ. ಕೊಟ್ಟು ತೀರಿಸುವ ಮಾತೇ ಇಲ್ಲದ ಶಾಂತಿಯನ್ನು ಪ್ರವಾದಿ ಯೆರೆಮೀಯ ಗಾಯದ ಮೇಲ್ಮೈಯಷ್ಟನ್ನೇ ವಾಸಿಮಾಡುವ ಕೆಲಸ ಎಂದು ಬೈದ.

ಮೊದಲ ಶತಮಾನಗಳ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಇದು ದಿನನಿತ್ಯದ ಕೆಲಸವಾಗಿತ್ತು, ಕೆಲಸಕ್ಕೊಂದು ಕ್ರಮವೂ ಇತ್ತು. ಕಾಣಿಕೆ ಹಿಡಿದು ಬಂದವನಿಗೆ ತನ್ನ ಮೇಲೆ ಸಹೋದರನ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಒಂದಾಗಬೇಕು. ತಪ್ಪು ಆ ಸಹೋದರನದ್ದಾದರೆ ಮೊದಲು ಒಬ್ಬನೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಆಮೇಲಷ್ಟೇ ಸಭೆಗೆ ತಿಳಿಸಬೇಕು. ಕಾಣಿಕೆಯದ್ದು ಮತ್ತಾಯ 5ರ ಮಾತು, ಉಳಿದದ್ದು ಮತ್ತಾಯ 18ರ ಕ್ರಮ.

ಮೂರನೇ ಶತಮಾನದ ಸಿರಿಯಾದಲ್ಲಿ ಬಳಕೆಯಲ್ಲಿದ್ದ 'ಡಿಡಸ್ಕಾಲಿಯಾ' ಎಂಬ ಸಭಾ ಕೈಪಿಡಿ ಇದನ್ನು ವಾರದ ದಿನಗಳಿಗೇ ಹೊಂದಿಸಿತು. ವ್ಯಾಜ್ಯಗಳ ವಿಚಾರಣೆ ಸೋಮವಾರ ನಡೆಯಬೇಕು. ತೀರ್ಮಾನ ಒಪ್ಪದವರಿದ್ದರೆ ಮಾತುಕತೆಗೆ ಶನಿವಾರದವರೆಗೆ ಸಮಯ ಸಿಗುತ್ತದೆ, ಭಾನುವಾರದ ಆರಾಧನೆಯ ಹೊತ್ತಿಗೆ ಇಬ್ಬರೂ ಒಂದಾಗಿರಬೇಕು. ಬಿಷಪರ ಜತೆ ಹಿರಿಯರೂ ಸಭಾಸೇವಕರೂ ಕೂರಬೇಕು. ವ್ಯಾಜ್ಯದ ಇಬ್ಬರಲ್ಲಿ ಒಬ್ಬರೇ ಬಂದಿದ್ದರೆ ತೀರ್ಪು ಕೊಡಕೂಡದು. ದೂರು ಕೊಟ್ಟವನ ನಡತೆ ಹೇಗೆ, ಬೇರೆಯವರ ಮೇಲೂ ಹೀಗೆ ದೂರಿದ್ದಾನೆಯೇ ಎಂದೂ ವಿಚಾರಿಸಬೇಕು. ಆರಾಧನೆಯ ನಡುವೆ ಸಭಾಸೇವಕ ಗಟ್ಟಿಯಾಗಿ ಕೇಳುತ್ತಿದ್ದ: ಇನ್ನೊಬ್ಬರ ಮೇಲೆ ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡವರು ಇಲ್ಲಿ ಇದ್ದಾರೆಯೇ? ಇಂದು ಆರಾಧನೆಯಲ್ಲಿ ಪಕ್ಕದವರ ಕೈಹಿಡಿದು ಸಮಾಧಾನ ಹೇಳುವ ಪದ್ಧತಿಯ ಹಿಂದೆ ಈ ಇಡೀ ವಾರದ ಕೆಲಸವಿತ್ತು. ಕೆಲಸ ಬಿದ್ದುಹೋಗಿ ಕೈಹಿಡಿಯುವುದು ಉಳಿಯಿತು ಎನ್ನುವುದು ನಮ್ಮ ನೋವು.

ಕತ್ತಿಯ ಪ್ರಶ್ನೆ ಇದರ ಜತೆಜತೆಗೇ ಬೆಳೆಯಿತು. ತೆರ್ತುಲ್ಲಿಯನ್, ಒರಿಗೆನ್ ಮೊದಲಾದ ಆದಿ ಕ್ರೈಸ್ತ ಲೇಖಕರು ಕ್ರೈಸ್ತರು ಯುದ್ಧಕ್ಕಿಳಿಯಬಾರದು ಎಂದು ಬರೆದರು. ಸೈನ್ಯದಲ್ಲಿ ಕ್ರೈಸ್ತರು ಇದ್ದೂ ಇದ್ದರು. 312ರ ನಂತರ ಕಾನ್‌ಸ್ಟಂಟೈನ್ ಚಕ್ರವರ್ತಿ ಸಭೆಯ ಪೋಷಕನಾದಾಗ ಪ್ರಶ್ನೆಯ ರೂಪವೇ ಬದಲಾಯಿತು. ಬಿಷಪರೂ ಚಿಂತಕರೂ ಆಗಿದ್ದ ಆಗಸ್ಟೀನ್ ಶಾಂತಿಯನ್ನು ಕ್ರಮಬದ್ಧತೆಯ ನೆಮ್ಮದಿ ಎಂದು ಕರೆದು, ಅದಕ್ಕಾಗಿ ಅನಿವಾರ್ಯವಾದ ಯುದ್ಧಕ್ಕೆ ಜಾಗ ಬಿಟ್ಟರು. ಅದೇ ಆಗಸ್ಟೀನ್, ಮನುಷ್ಯರನ್ನು ಕತ್ತಿಯಿಂದ ಕೊಲ್ಲುವುದಕ್ಕಿಂತ ಯುದ್ಧವನ್ನೇ ಮಾತಿನಿಂದ ಕೊಲ್ಲುವುದು ದೊಡ್ಡದು ಎಂದು ರಾಜಪ್ರತಿನಿಧಿಯೊಬ್ಬನಿಗೆ ಬರೆದಿದ್ದಾರೆ. ಅವರ ಈ ಮಾತು ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ.

ಮಧ್ಯಯುಗದ ಫ್ರಾನ್ಸಿನಲ್ಲಿ ಕಾದಾಟ ತಡೆಯಲು ಚರ್ಚು ಮತ್ತೊಮ್ಮೆ ಕೈಹಾಕಿತು. 989ರಲ್ಲಿ ಶಾರೂ ಎಂಬಲ್ಲಿ ಬಿಷಪರು ಸೇರಿದ ಸಭೆ ಚರ್ಚುಗಳನ್ನೂ ನಿರಾಯುಧ ಪಾದ್ರಿಗಳನ್ನೂ ರೈತರ ದನಕರುಗಳನ್ನೂ ಮುಟ್ಟುವವರಿಗೆ ಬಹಿಷ್ಕಾರ ವಿಧಿಸಿತು. 1027ರಲ್ಲಿ ತುಲೂಜ್ ಎಂಬ ಹಳ್ಳಿಯಲ್ಲಿ ಸೇರಿದ ಇಂಥದ್ದೇ ಸಭೆ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಕಾದಾಟ ನಿಷೇಧಿಸಿತು. ಮುಂದೆ ಅದು ಬುಧವಾರ ಸಂಜೆಯಿಂದಲೇ ಶುರುವಾಗುವಂತೆ ಹಿಗ್ಗಿತು. ವಾರದ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತಿ ಒರೆಯಲ್ಲಿರಬೇಕು! 1095ರ ಕ್ಲೆರ್ಮೋಂ ಸಭೆ ಈ ನಿಷೇಧವನ್ನು ಖಚಿತಪಡಿಸಿತು. ಅದೇ ಸಭೆಯಲ್ಲಿ ಪೋಪ್ ಎರಡನೇ ಅರ್ಬನ್ ಮೊದಲ ಧರ್ಮಯುದ್ಧಕ್ಕೆ (ಕ್ರುಸೇಡ್) ಕರೆಕೊಟ್ಟರು. ನೆರೆಯವರೊಡನೆ ಮಾತ್ರ ಶಾಂತಿ ಎಂದು ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಸಿಗಲಾರದು.

1527ರ ಶ್ಲೈಟ್‌ಹೈಮ್ ಒಪ್ಪಂದದಲ್ಲಿ ಅನಾಬ್ಯಾಪ್ಟಿಸ್ಟ್ ಪಂಥದವರು, 1660ರಲ್ಲಿ ಇಂಗ್ಲೆಂಡಿನ ದೊರೆಗೆ ಕೊಟ್ಟ ಘೋಷಣೆಯಲ್ಲಿ ಕ್ವೇಕರ್ ಪಂಥದವರು ಕತ್ತಿಯನ್ನು ಪೂರ್ತಿ ನಿರಾಕರಿಸಿದರು. ಅದಕ್ಕಾಗಿ ಸೆರೆಮನೆಯನ್ನೂ ಸಾವನ್ನೂ ಕಂಡರು. ಆದರೆ ಯುದ್ಧಕ್ಕೆ ಹೋಗದಿರುವುದು ಅರ್ಧ ಕೆಲಸ. ಮುರಿದದ್ದನ್ನು ಕಟ್ಟುವ ಕೆಲಸ ಉಳಿದೇ ಇರುತ್ತದೆ.

ಅದು ಮತ್ತೆ ಕೈಗೆ ಸಿಕ್ಕಿದ್ದು 1974ರಲ್ಲಿ, ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ. ಇಬ್ಬರು ಹುಡುಗರು ಒಂದೇ ರಾತ್ರಿ 22 ಆಸ್ತಿಗಳನ್ನು ಹಾಳುಮಾಡಿದ್ದರು. ಅವರು ನೊಂದವರ ಮನೆಮನೆಗೆ ಹೋಗಿ ಮುಖ ಕೊಟ್ಟು ಮಾತಾಡಲಿ ಎಂದು ಅನಾಬ್ಯಾಪ್ಟಿಸ್ಟರ ಪರಂಪರೆಯ ಮೆನ್ನೊನೈಟ್ ಪಂಥದ ಪ್ರೊಬೇಷನ್ ಅಧಿಕಾರಿಯೊಬ್ಬರು (ಜೈಲಿಗೆ ಹೋಗದ ಅಪರಾಧಿಗಳ ಮೇಲ್ವಿಚಾರಕರು) ಸೂಚಿಸಿದರು. ನ್ಯಾಯಾಧೀಶರು ಒಪ್ಪಿದರು. ಹುಡುಗರು ಬಾಗಿಲು ತಟ್ಟಿದರು, ನಷ್ಟದ ಲೆಕ್ಕ ಕೇಳಿದರು, ಕೆಲವೇ ತಿಂಗಳಲ್ಲಿ ಹಣ ತೀರಿಸಿದರು. ಈಗ ಹಲವು ದೇಶಗಳಲ್ಲಿ ನಡೆಯುವ ಇಂಥ ಭೇಟಿಗಳಲ್ಲಿ ಮಧ್ಯಸ್ಥರು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕಾಣುತ್ತಾರೆ, ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದರೆ ಮಾತ್ರ ಕೂರಿಸುತ್ತಾರೆ. ಏನಾಯಿತು, ಯಾರಿಗೆ ಏನು ನೋವಾಯಿತು, ಸರಿಪಡಿಸಲು ಏನು ಬೇಕು ಎಂಬ ಅನುಕ್ರಮ ಬಿಡುವುದಿಲ್ಲ. ಎಷ್ಟು, ಯಾವ ದಿನದೊಳಗೆ, ಪಾಲಿಸಿದ್ದನ್ನು ನೋಡುವವರು ಯಾರು ಎಂಬುದನ್ನು ಬರೆದಿಡುತ್ತಾರೆ.

ಇಂಥ ಭೇಟಿ ಕೆಡುವುದು ಹೆಚ್ಚಾಗಿ ಪೂರ್ವಸಿದ್ಧತೆ ಬಿಟ್ಟಾಗ, ಇಲ್ಲವೇ 'ಕ್ಷಮಿಸಿಬಿಡಿ' ಎಂಬ ಒತ್ತಾಯ ಮೊದಲೇ ಬಂದಾಗ. ಇನ್ನೂ ದೊಡ್ಡ ತಪ್ಪೊಂದಿದೆ: ಹೊಡೆತ ತಿಂದ ಹೆಂಡತಿಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಮತ್ತಾಯ 18 ತೋರಿಸಿ 'ಮೊದಲು ಒಬ್ಬರೇ ಹೋಗಿ ಮಾತಾಡಿ' ಎನ್ನುವುದು. ಅದೇ ಅಧ್ಯಾಯದಲ್ಲಿ, ಈ ಕ್ರಮಕ್ಕಿಂತ ತುಸು ಮೊದಲೇ, ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತಿದೆ ಎಂಬುದನ್ನು ಹಾಗೆ ಹೇಳುವವರು ಓದಿರುವುದಿಲ್ಲ. ಇಂಥಲ್ಲಿ ರಕ್ಷಣೆ ಮೊದಲು, ಪೊಲೀಸ್ ದೂರು ಆಮೇಲೆ ತಡವಿಲ್ಲದೆ. ಮುಖಾಮುಖಿಯ ಮಾತೇ ಬೇಡ.

ದೇಶಗಳ ಮಟ್ಟದಲ್ಲೂ ಇದೇ ತಾಳ್ಮೆ ಬೇಕು. 16 ವರ್ಷ ಒಳಯುದ್ಧದಲ್ಲಿ ಬೆಂದ ಮೊಜಾಂಬಿಕ್‌ನ ಸರ್ಕಾರವನ್ನೂ ಬಂಡುಕೋರರನ್ನೂ ರೋಮಿನ ಸಂತ ಎಜಿದಿಯೊ ಎಂಬ ಕ್ಯಾಥೋಲಿಕ್ ಸಮುದಾಯ 1990ರ ಜುಲೈನಲ್ಲಿ ಒಂದೇ ಮೇಜಿಗೆ ತಂದಿತು. ಮೊಜಾಂಬಿಕ್‌ನ ಬೈರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ಮಧ್ಯಸ್ಥರಲ್ಲಿ ಒಬ್ಬರು. ಇಬ್ಬರೂ ಒಂದೇ ಮೊಜಾಂಬಿಕ್ ಕುಟುಂಬದವರು ಎಂದು ಒಪ್ಪಿಸುವುದರಿಂದ ಶುರುವಾಯಿತು. ಅದೇ ಡಿಸೆಂಬರಿನಲ್ಲಿ ಎರಡು ರೈಲುಮಾರ್ಗಗಳ ಸುತ್ತ ಮಾತ್ರ ಕದನವಿರಾಮ ಕುದುರಿತು. ಪೂರ್ಣ ಒಪ್ಪಂದಕ್ಕೆ ಸಹಿ ಬಿದ್ದದ್ದು 1992ರ ಅಕ್ಟೋಬರ್ 4ರಂದು, 27 ತಿಂಗಳ ಮೇಲೆ.

ವರ್ಣಭೇದದ ಆಡಳಿತ ಮುಗಿದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ಸಾರ್ವಜನಿಕ ವಿಚಾರಣೆ ಆರಂಭಿಸಿತು. ರಾಜಕೀಯ ಅಪರಾಧ ಎಸಗಿದವರು ಎಲ್ಲವನ್ನೂ ಬಿಚ್ಚಿ ಹೇಳಿದರೆ ಕ್ಷಮಾದಾನ. ನೊಂದವರ ಮಾತನ್ನು ದೇಶವಿಡೀ ಕೇಳಿತು. ಸತ್ಯ ಹೊರಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಕ್ಷಮಾದಾನ ಸಿಕ್ಕವರಿಗೆ ಅದು ಆ ಕ್ಷಣದಿಂದಲೇ ಜಾರಿ. ನೊಂದವರ ಪಾಲಿನ ಪರಿಹಾರ ಶಿಫಾರಸಾಗಿ ಉಳಿಯಿತು. ಆಯೋಗ ಆರು ವರ್ಷ ಕಂತುಗಳಲ್ಲಿ ಕೊಡಲು ಹೇಳಿತ್ತು. 2003ರಲ್ಲಿ ಸರ್ಕಾರ ಘೋಷಿಸಿದ್ದು ತಲಾ 30,000 ರ‍್ಯಾಂಡ್, ಒಂದೇ ಸಲಕ್ಕೆ. ಜಕ್ಕಾಯನ ಲೆಕ್ಕ ಅಲ್ಲಿ ಇನ್ನೂ ಬಾಕಿಯಿದೆ.