ಗಂಡು ಸಿಂಹ ಮರಿಗಳನ್ನು ಕೊಲ್ಲುವುದೇಕೆ?

ಒಂದು ಸೀಮೆಯನ್ನು ಹೊಸದಾಗಿ ಗೆದ್ದುಕೊಂಡ ಗಂಡು ಸಿಂಹ, ಅಲ್ಲಿ ಹಿಂದಿನ ಗಂಡಿಗೆ ಹುಟ್ಟಿದ ಎಳೆಯ ಮರಿಗಳನ್ನು ಕೊಂದುಹಾಕುತ್ತದೆ. ಈ ಸಂಗತಿ ಕೇಳಿದವರು ಇದೆಂಥ ಕ್ರೌರ್ಯ ಎಂದು ನೊಂದುಕೊಳ್ಳುತ್ತಾರೆ. ವನ್ಯಜೀವಿ ವೈದ್ಯನಾಗಿ ನಾನು ಅವರಿಗೆ ಮೊದಲು ವಿವರಿಸುವುದು ತಾಯಿ ಸಿಂಹದ ದೇಹದ ಲೆಕ್ಕವನ್ನು. ಸುಮಾರು 110 ದಿನ ಗರ್ಭ ಹೊತ್ತು ಈಯುವ ಸಿಂಹಿಣಿ, ಮರಿಗಳು ಬದುಕಿದ್ದರೆ ಹೆಚ್ಚುಕಡಿಮೆ ಎರಡು ವರ್ಷ ಮತ್ತೆ ಈಯುವುದಿಲ್ಲ. ಮರಿಗಳು ಸತ್ತರೆ ಮಾತ್ರ ಬಹುಬೇಗ ಬೆದೆಗೆ ಬರುತ್ತದೆ. ಆಫ್ರಿಕಾದ ಸೆರೆಂಗೆಟಿಯಲ್ಲಿ ಗಂಡಿನ ಹಿಡಿತ ಸಾಮಾನ್ಯವಾಗಿ ಉಳಿಯುವುದೇ ಎರಡು-ಮೂರು ವರ್ಷ. ಆ ಅಲ್ಪಾವಧಿಯಲ್ಲಿ ತನ್ನ ಮರಿಗಳು ಹುಟ್ಟಿ ಬೆಳೆಯಬೇಕಾದರೆ ಗಂಡಿಗೆ ಕಾಯುವಷ್ಟು ಕಾಲವಿರುವುದಿಲ್ಲ. ಅಲ್ಲಿ ಮೊದಲ ವರ್ಷದಲ್ಲಿ ಸಾಯುವ ಮರಿಗಳಲ್ಲಿ ಸುಮಾರು ಕಾಲು ಭಾಗ ಹೀಗೆ ಸಾಯುತ್ತವೆಂದು ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಅವರ ದೀರ್ಘಕಾಲದ ಅಧ್ಯಯನ ತೋರಿಸಿದೆ.

ಹಾಗೆಂದು ಸಿಂಹಿಣಿಯೇನೂ ಅಸಹಾಯಕ ಜೀವಿಯಲ್ಲ. ಈದ ಮೊದಲ ವಾರಗಳಲ್ಲಿ ಅದು ಗುಂಪಿನಿಂದ ದೂರ ಸರಿದು, ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಪೊದೆಯಿಂದ ಪೊದೆಗೆ ಜಾಗ ಬದಲಿಸುತ್ತದೆ. ಗುಜರಾತಿನ ಗಿರ್ ಕಾಡಿನ ಸಿಂಹಿಣಿಯರದ್ದಂತೂ ಇನ್ನೂ ಜಾಣ ದಾರಿ. ಅಲ್ಲಿ ಗಂಡುಗಳು ಎರಡು-ಮೂರರ ಜೊತೆ ಕಟ್ಟಿಕೊಂಡು ಹೆಣ್ಣುಗಳಿಂದ ಬೇರೆಯಾಗಿಯೇ ತಿರುಗುತ್ತವೆ. ಮುಖ್ಯ ಬೇಟೆ ಚುಕ್ಕೆ ಜಿಂಕೆಯಂಥ ಸಣ್ಣ ಪ್ರಾಣಿಯಾದ್ದರಿಂದ ದೊಡ್ಡ ಗುಂಪಿಗೆ ಅದು ಸಾಲುವುದೂ ಇಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯ ಸ್ತೋತ್ರ ಚಕ್ರವರ್ತಿ ಮತ್ತು ವೈ. ವಿ. ಝಾಲಾ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಿರ್‌ನ ಹೆಣ್ಣುಗಳು ತಮ್ಮ ನೆಲೆಯ ಮೇಲೆ ಓಡಾಡುವ, ಪರಸ್ಪರ ವೈರಿಗಳಾದ ಹಲವು ಗಂಡುಗಳ ಜೊತೆ ಕೂಡುತ್ತವೆ. ಮರಿ ಯಾರದೆಂದು ತಿಳಿಯುವ ದಾರಿ ಗಂಡಿಗೆ ಇಲ್ಲ. ತಾನು ಕೂಡಿದ ಹೆಣ್ಣಿನ ಮರಿಯನ್ನು ಅದು ಸಹಿಸಿಕೊಳ್ಳುತ್ತದೆ. ಅಪಾಯ ಬರುವುದು ಹೊರಗಿನಿಂದ ಬಂದ ಅಪರಿಚಿತ ಗಂಡಿನಿಂದ.

ಸಂರಕ್ಷಣೆಯ ಚರ್ಚೆಯಲ್ಲಿ ಈ ಕೊನೆಯ ಅಂಶಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 2020ರಲ್ಲಿ 674 ಇದ್ದ ಗುಜರಾತಿನ ಸಿಂಹಗಳು 2025ರ ಗಣತಿಯಲ್ಲಿ 891 ಆಗಿರುವುದು ಸಂತಸದ ವಿಷಯವೇ. ಆದರೆ ಅವುಗಳಲ್ಲಿ ಬಹಳಷ್ಟು ಇಂದು ಹೊಲ, ತೋಟ, ರೈಲುಹಳಿಗಳ ನಡುವೆ ಬದುಕುತ್ತಿವೆ. ಕಟ್ಟೆಯಿಲ್ಲದ ತೆರೆದ ಬಾವಿಗೆ ಬಿದ್ದೋ, ಬೆಳೆ ಕಾಯಲು ಹಾಯಿಸಿದ ವಿದ್ಯುತ್ ತಂತಿ ತಗುಲಿಯೋ, ರೈಲಿಗೆ ಸಿಕ್ಕಿಯೋ ಒಂದು ಗಂಡು ಸತ್ತರೆ ದಾಖಲೆಯಲ್ಲಿ ಬರುವುದು ಒಂದೇ ಸಾವು. ಜೊತೆಗಾರನನ್ನು ಕಳೆದುಕೊಂಡ ಇನ್ನೊಂದು ಗಂಡಿಗೆ ಸೀಮೆ ಕಾಯುವುದು ಕಷ್ಟವಾಗಿ, ಹೊಸಬರು ನುಗ್ಗಿದಾಗ ಪೊದೆಯೊಳಗೆ ಸಾಯುವ ಮರಿಗಳು ಬಹುಪಾಲು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಬಾವಿಗೆ ಕಟ್ಟೆ ಕಟ್ಟಿಸುವ ಕೆಲಸವನ್ನು ನಾನು ಮರಿಗಳ ರಕ್ಷಣೆಯೆಂದೇ ಭಾವಿಸುತ್ತೇನೆ.

ಮೃಗಾಲಯದ ಆವರಣದಲ್ಲಿಯೂ ಈ ಸಹಜ ಪ್ರವೃತ್ತಿ ಅಳಿಯುವುದಿಲ್ಲ. ಈಯುವ ದಿನ ಹತ್ತಿರವಾದಂತೆ ಹೆಣ್ಣನ್ನು ಬೇರೆ ಕೋಣೆಗೆ ಸಾಗಿಸುತ್ತೇವೆ. ಹೊಸ ಗಂಡನ್ನು ತಂದಾಗ ಮೊದಲು ಜಾಲರಿಯ ಆಚೆ-ಈಚೆ ಇರಿಸಿ, ಒಂದರ ವಾಸನೆ ಇನ್ನೊಂದಕ್ಕೆ ಪರಿಚಯವಾಗುವವರೆಗೆ ಕಾಯುತ್ತೇವೆ. ಮರಿಗಳಿರುವ ತಾಯಿಯ ಬಳಿಗೆ ಅಪರಿಚಿತ ಗಂಡನ್ನು, ಅದು ಎಷ್ಟೇ ಸಾಧುವಾಗಿ ಕಂಡರೂ, ಬಿಡುವಂತಿಲ್ಲ.