ಹೊಸ ಸೈಕಲ್ಲಿನ ಪ್ಲಾಸ್ಟಿಕ್ ಬಿಚ್ಚಿ

ಹೊಸ ಸೈಕಲ್ ಅಂಗಡಿಗೆ ಬರುವಾಗ ಫ್ರೇಮಿನ ಸುತ್ತ ಫೋಮು, ಗುಳ್ಳೆ ಪ್ಲಾಸ್ಟಿಕ್, ಸೆಲೋ ಟೇಪು ಎಲ್ಲ ಇರುತ್ತವೆ. ಅವನ್ನು ಇಲ್ಲೇ ಬಿಚ್ಚಿಸಿಕೊಂಡು ಹೋಗಿ ಎಂದು ಗಿರಾಕಿಗಳಿಗೆ ಹೇಳುತ್ತಲೇ ಬಂದಿದ್ದೇನೆ. ಬಹಳ ಮಂದಿ ಒಪ್ಪುವುದಿಲ್ಲ. "ಇರಲಿ ಬಿಡಿ ಕಾಕಾ, ಹುಡುಗ ಎಲ್ಲಾದರೂ ಬೀಳಿಸುತ್ತಾನೆ, ಬಣ್ಣ ಹೋಗಬಾರದು" ಎನ್ನುತ್ತಾರೆ. ಸಡಿಲವಾದ ಕಡೆ ಇನ್ನೆರಡು ಸುತ್ತು ಟೇಪು ಹಾಕಿ ಕೊಡಿ ಎಂದು ಕೇಳುವವರೂ ಇದ್ದಾರೆ. ಮಳೆಗಾಲ ಕಳೆದ ಮೇಲೆ ಅದೇ ಸೈಕಲ್ ರಿಪೇರಿಗೆ ಬರುತ್ತದೆ. ಪ್ಲಾಸ್ಟಿಕ್ ಬಿಚ್ಚಿ ನೋಡಿದರೆ ಬಣ್ಣ ಮಂಕಾಗಿರುತ್ತದೆ, ವೆಲ್ಡಿಂಗಿನ ಬಳಿ ತುಕ್ಕಿನ ಗುಳ್ಳೆಗಳು ಎದ್ದಿರುತ್ತವೆ. ಹುಡುಗ ಸೈಕಲ್ಲನ್ನು ಒಮ್ಮೆಯೂ ಬೀಳಿಸಿರುವುದಿಲ್ಲ.

ಆ ಪ್ಯಾಕಿಂಗ್ ಲಾರಿ ಪ್ರಯಾಣಕ್ಕೆಂದು ಹಾಕಿದ್ದು. ಕಾರ್ಖಾನೆಯಿಂದ ಹುಬ್ಬಳ್ಳಿಯವರೆಗೆ ಒಂದು ಸೈಕಲ್ ಇನ್ನೊಂದಕ್ಕೆ ತಾಗದಿರಲಿ ಎಂಬುದಷ್ಟೇ ಅದರ ಉದ್ದೇಶ. ಓಡುವ ಸೈಕಲ್ಲಿನ ಮೇಲೆ ಅದು ಮಾಡುವ ಕೆಲಸವೇ ಬೇರೆ. ಪ್ಲಾಸ್ಟಿಕ್ಕಿನ ಅಂಚು ಎಲ್ಲಿಯೂ ಪೂರ್ತಿ ಮುಚ್ಚಿರುವುದಿಲ್ಲ. ಆ ಸಂದಿನಿಂದ ನೀರು ಒಳಗೆ ಹೋಗುತ್ತದೆ, ಗಾಳಿಯಾಡದೆ ಅಲ್ಲೇ ನಿಲ್ಲುತ್ತದೆ. ಬರಿಯ ಫ್ರೇಮಿನ ಮೇಲೆ ಬಿದ್ದ ಮಳೆನೀರು ಬಿಸಿಲು ಬಂದ ಅರ್ಧ ಗಂಟೆಯಲ್ಲಿ ಆರುತ್ತದೆ. ಪ್ಲಾಸ್ಟಿಕ್ಕಿನ ಅಡಿಯ ನೀರು ದಿನಗಟ್ಟಲೆ ಆರುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು, ಎರಡೂ ಅಲ್ಲಿವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಎಬ್ಬಿಸಿ ಬಿರುಕು ಬಿಡಿಸುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು ಇಳಿಯುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಬಣ್ಣದಡಿ ತೇವ ನಿಂತರೆ, ಅದರಲ್ಲೂ ಬೆವರಿನ ಉಪ್ಪು ಸೇರಿದರೆ, ಅದರ ಬಣ್ಣವೂ ಗೆರೆಗೆರೆಯಾಗಿ ಏಳುತ್ತದೆ.

ನೀರಿನದು ಒಂದಾದರೆ, ಧೂಳಿನದು ಇನ್ನೊಂದು. ಇದನ್ನು ಎಷ್ಟು ಸಲ ಹೇಳಿದರೂ ಜನರಿಗೆ ಪೂರ್ತಿ ನಂಬಿಕೆ ಬರುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಬಣ್ಣಕ್ಕೆ ಬೀಳುವ ಗೀರುಗಳಲ್ಲಿ ಹೆಚ್ಚಿನವು ಯಾವುದೋ ದೊಡ್ಡ ವಸ್ತು ಬಡಿದು ಆದವಲ್ಲ. ಎರಡು ವಸ್ತುಗಳ ನಡುವೆ ಸಿಕ್ಕ ಮರಳಿನ ಕಣ ಸವೆಸಿದವು. ಮರಳಿನಲ್ಲಿರುವ ಸ್ಫಟಿಕ ಮೆದು ಉಕ್ಕಿಗಿಂತ ಗಟ್ಟಿ. ಅದರ ಮುಂದೆ ಬಣ್ಣ ಯಾವ ಲೆಕ್ಕ? ಕಣ ಬರಿಯ ಬಣ್ಣದ ಮೇಲೆ ಕೂತರೆ ಒರೆಸಿದರೆ ಹೋಗುತ್ತದೆ. ಅದರ ಮೇಲೆ ಸಡಿಲವಾದ ಪ್ಲಾಸ್ಟಿಕ್ ಕೂತು, ಸೈಕಲ್ ಓಡಿದಂತೆಲ್ಲ ಆ ಪ್ಲಾಸ್ಟಿಕ್ ಅಲುಗಾಡಿದರೆ, ಅದು ಉಪ್ಪುಕಾಗದವೇ ಆಗುತ್ತದೆ. ನೀವೇ ಹಣ ಕೊಟ್ಟು ಉಪ್ಪುಕಾಗದ ಸುತ್ತಿಸಿಕೊಂಡಂತೆ. ಗೇರ್ ಮತ್ತು ಬ್ರೇಕ್ ಕೇಬಲ್ಲುಗಳು ಹ್ಯಾಂಡಲ್ಲಿನ ಕೆಳಗೆ ಫ್ರೇಮಿಗೆ ತಾಗುವ ಜಾಗ ನೋಡಿ. ಅಷ್ಟು ಮೆತ್ತಗಿನ ಕೇಬಲ್ ಹೊದಿಕೆ ಕೆಲವೇ ತಿಂಗಳಲ್ಲಿ ಬಣ್ಣವನ್ನು ಲೋಹದವರೆಗೆ ತಿಂದಿರುತ್ತದೆ. ತಿನ್ನುವುದು ಕೇಬಲ್ ಅಲ್ಲ, ಅದರಡಿ ಸಿಕ್ಕಿದ ಧೂಳು.

ನಮ್ಮ ಭಾಗದಲ್ಲಿ ಧೂಳು ಎರಡು ಬಗೆಯದು. ಧಾರವಾಡದಿಂದ ಪಶ್ಚಿಮಕ್ಕೆ, ದಕ್ಷಿಣದಲ್ಲಿ ಕಲಘಟಗಿಯ ಕಡೆ, ಕೆಂಪು ಮಣ್ಣು. ಕಣ ಒರಟು, ಒಣಗಿದರೆ ಸುಲಭವಾಗಿ ಉದುರುತ್ತದೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿಯ ಕಡೆ, ಎರೆಮಣ್ಣು. ಒಣಗಿದಾಗ ಅದು ಹಿಟ್ಟು, ನೆನೆದಾಗ ಟೈರಿಗೆ ಮೆತ್ತಿಕೊಂಡು ಗಾಲಿಯನ್ನೇ ತಿರುಗಲು ಬಿಡುವುದಿಲ್ಲ. ಮಳೆಯಲ್ಲಿ ಹೊಲದ ದಾರಿಯಿಂದ ಬಂದ ಸೈಕಲ್ಲುಗಳಲ್ಲಿ ಹಿಂದಿನ ಟೈರಿನ ಎರಡೂ ಬದಿಯ ಕೊಳವೆಗಳ ಒಳಮೈ ಬಣ್ಣ ಪೂರ್ತಿ ಸವೆದಿರುತ್ತದೆ. ಅಲ್ಲಿ ಯಾವ ಪ್ಲಾಸ್ಟಿಕ್ಕೂ ಕಾಯುವುದಿಲ್ಲ. ಕೆಸರು ಕಟ್ಟಿಕೊಂಡಾಗ ನಿಲ್ಲಿಸಿ, ಕಡ್ಡಿಯಿಂದ ಕೆರೆದು, ಆಮೇಲೆ ತುಳಿಯಬೇಕು. ಮಡ್‌ಗಾರ್ಡಿಗೂ ಟೈರಿಗೂ ಬೆರಳು ಹೋಗುವಷ್ಟು ಸಂದು ಇದ್ದರೆ ಒಳ್ಳೆಯದು.

ಹಾಗಾದರೆ ಬಣ್ಣವನ್ನು ಕಾಯಲೇಬಾರದೇ? ಕಾಯಬೇಕು. ಕಾರಿನ ಬಾನೆಟ್ಟಿಗೆ ಅಂಟಿಸುವ ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್ ಈಗ ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಬಿಗಿಯಾಗಿ ಅಂಟುವುದರಿಂದ ಅದರಡಿ ಗಾಳಿ, ನೀರು, ಧೂಳು ಯಾವುದಕ್ಕೂ ಜಾಗವಿಲ್ಲ. ಸಡಿಲ ಪ್ಯಾಕಿಂಗಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಇದೇ ಎಲ್ಲ. ಕೇಬಲ್ ತಾಗುವ ಜಾಗ, ಮುಂದಿನ ಗಾಲಿ ಕಲ್ಲು ಎಸೆಯುವ ಕೆಳಕೊಳವೆಯ ಅಡಿಭಾಗ, ಬೀಗದ ಸರಪಳಿ ಬಡಿಯುವ ಮೇಲಿನ ಕೊಳವೆ, ಬಲಬದಿಯ ಚೈನ್‌ಸ್ಟೇ, ಇಲ್ಲಿಗೆ ಹಾಕಿದರೆ ಸಾಕು. ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಆರಿಸಿ, ಸ್ಪಿರಿಟ್ಟಿನಿಂದ ಜಿಡ್ಡು ಒರೆಸಿದ ಮೇಲೆಯೇ ಅಂಟಿಸಿ. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ಸಾಮಾನ್ಯ ಫಿಲ್ಮ್ ಎದ್ದು ಕಾಣುತ್ತದೆ, ಮೊದಲು ಮರೆಯಲ್ಲಿ ಒಂದು ತುಣುಕು ಹಚ್ಚಿ ನೋಡಿ. ಪೆಡಲಿನ ಬುಡದ ಡಬ್ಬಿಯ ಕೆಳಗೆ ಒಂದು ಸಣ್ಣ ತೂತು ಇದ್ದರೆ ಅದನ್ನು ಮಾತ್ರ ಮುಚ್ಚಬೇಡಿ. ಸೀಟಿನ ಕೊಳವೆಯಿಂದ ಇಳಿದ ನೀರು ಹೊರಹೋಗುವ ದಾರಿ ಅದು.

ಚೈನ್‌ಸ್ಟೇ ಎಂದರೆ ಪೆಡಲಿನ ಬುಡದಿಂದ ಹಿಂದಿನ ಆಕ್ಸಲಿಗೆ ಹೋಗುವ ಕೊಳವೆ. ಬಲಬದಿಯದರ ಬಣ್ಣವನ್ನು ಹಾಳು ಮಾಡುವುದು ಚೈನು. ಹೊಂಡದಲ್ಲಿ ಗಾಲಿ ಇಳಿದಾಗ ಚೈನು ಮೇಲೆ ಕೆಳಗೆ ಬಡಿಯುತ್ತದೆ. ಹಳೆಯ ಟ್ಯೂಬನ್ನು ಉದ್ದುದ್ದ ಸೀಳಿ, ಬಿಗಿಯಾಗಿ ಎಳೆದು ಸುತ್ತಿ, ಎರಡೂ ತುದಿ ಕಟ್ಟುವುದು ನಮ್ಮ ಹಳೆಯ ಮೇಸ್ತ್ರಿಗಳ ಪದ್ಧತಿ, ಇಂದಿಗೂ ಒಳ್ಳೆಯದೇ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಒರೆಸಿ ಮತ್ತೆ ಸುತ್ತಬೇಕು, ಅಷ್ಟೇ. ಆದರೆ ಬಡಿತ ಜೋರಾಗಿದ್ದರೆ ಮೊದಲು ಚೈನನ್ನೇ ನೋಡಿ. ಗೇರಿಲ್ಲದ ಸೈಕಲ್ಲಿನಲ್ಲಿ ಚೈನಿನ ನಡುಭಾಗ ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಆಡಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಹಿಂದಿನ ಗಾಲಿಯನ್ನು ಹಿಂದಕ್ಕೆಳೆದು ಬಿಗಿಗೊಳಿಸಿ. ಗೇರಿನ ಸೈಕಲ್ಲಿನಲ್ಲಿ ಮುಂದೆಯೂ ಹಿಂದೆಯೂ ಚಿಕ್ಕ ಹಲ್ಲುಚಕ್ರ ಹಾಕಿಕೊಂಡು ಕೆಟ್ಟ ರಸ್ತೆಗೆ ಇಳಿಯಬೇಡಿ. ಚೈನು ಅತ್ಯಂತ ಸಡಿಲವಾಗುವುದು ಆಗಲೇ.

ಚೈನು ಸವೆದಿದೆಯೇ ಎಂದು ತಿಳಿಯಲು ಶಾಲೆಯ ಅಡಿಪಟ್ಟಿ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು ಇರುತ್ತದೆ, ಹಾಗಾಗಿ ಇಪ್ಪತ್ತನಾಲ್ಕು ಕೊಂಡಿ ಸರಿಯಾಗಿ 12 ಇಂಚು. ಚೈನನ್ನು ಬಿಗಿಯಾಗಿಟ್ಟು ಒಂದು ಪಿನ್ನಿನ ನಡುವಿಗೆ ಸೊನ್ನೆ ಹೊಂದಿಸಿ ನೋಡಿ. ಅಲ್ಲಿಂದ ಇಪ್ಪತ್ತನಾಲ್ಕನೆಯ ಪಿನ್ನಿನ ನಡು ಹನ್ನೆರಡನ್ನು ದಾಟಿ ಇಂಚಿನ 1/16 ಭಾಗ ಮುಂದೆ ಹೋಗಿದ್ದರೆ ಗೇರಿನ ಸೈಕಲ್ಲಿಗೆ ಹೊಸ ಚೈನು ಹಾಕುವ ಕಾಲ ಬಂದಿದೆ. 1/8 ಹೋಗಿದ್ದರೆ ಬಹುಶಃ ಹಲ್ಲುಗಳೂ ಹೋಗಿವೆ. ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರೊಳಗೇ ಲೋಹದ ಪುಡಿ ಇರುತ್ತದೆ, ಹೆಚ್ಚಾದದ್ದು ಚೈನ್‌ಸ್ಟೇಗೆ ಸಿಡಿದು ಧೂಳನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಹಾಕಿ, ಹತ್ತು ನಿಮಿಷ ಬಿಟ್ಟು, ಹೊರಮೈಯದನ್ನು ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ.

ಧಾರವಾಡದ ಸಾಧನಕೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಕರಿಯ ಉಕ್ಕಿನ ಸೈಕಲ್ಲನ್ನು ಇಪ್ಪತ್ತು ಕಿಲೋಮೀಟರು ದೂರದಿಂದ ಟೆಂಪೋದಲ್ಲಿ ಹೇರಿಸಿ ನನ್ನಲ್ಲಿಗೇ ತರುತ್ತಾರೆ. ಅದರ ಮೇಲೆ ಗೀರುಗಳಿಗೆ ಬರವಿಲ್ಲ. ತುಕ್ಕು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಸಂಜೆ ಮನೆಗೆ ಬಂದೊಡನೆ ಹಳೆಯ ಧೋತರದ ತುಂಡಿನಿಂದ ಒರೆಸುತ್ತಾರೆ, ಮಳೆಯಲ್ಲಿ ನೆನೆದಿದ್ದರೆ ಮೊದಲು ನೀರು ಹೊಯ್ದು ಮಣ್ಣು ಇಳಿಸುತ್ತಾರೆ. ಖಂಡೇನವಮಿಗೆ ಹಾರ ಹಾಕುವಾಗಲೂ ತಂತಿಯಲ್ಲಿ ಕಟ್ಟದೆ ದಾರದಲ್ಲಿ ಕಟ್ಟುತ್ತಾರೆ, ಮರುದಿನ ಕುಂಕುಮ ತೊಳೆಯುತ್ತಾರೆ. ಅವರ ಸೈಕಲ್ ಬಂದ ದಿನ ನನಗೆ ಕೆಲಸ ಕಡಿಮೆ, ಮಾತು ಹೆಚ್ಚು. ಹೊಸದಾಗಿ ಸೈಕಲ್ ಕೊಂಡ ಹುಡುಗರು ಆಗ ಅಂಗಡಿಯಲ್ಲಿದ್ದರೆ ಅದನ್ನು ಮುಟ್ಟಿ ನೋಡಲು ಹೇಳುತ್ತೇನೆ.

ಬಣ್ಣ ಎದ್ದು ಲೋಹ ಕಂಡರೆ ಆ ವಾರವೇ ಮುಚ್ಚಿ. ಉಕ್ಕಿನ ಮೇಲೆ ತುಕ್ಕಿದ್ದರೆ ನಯವಾದ ಉಪ್ಪುಕಾಗದದಿಂದ ಅಷ್ಟೇ ಜಾಗ ಉಜ್ಜಿ, ಒರೆಸಿ, ಟಚ್‌ಅಪ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಸಣ್ಣ ಚುಕ್ಕೆಗೆ ಉಗುರುಬಣ್ಣವೂ ನಡೆಯುತ್ತದೆ. ಕಾರ್ಬನ್ ನಾರಿನಿಂದ ಮಾಡಿದ ಫ್ರೇಮಿನ ಮಾತು ಬೇರೆ. ಚೈನು ಸಿಕ್ಕಿಹಾಕಿಕೊಂಡು ಬಣ್ಣದಡಿಯ ನಾರಿನವರೆಗೆ ಕೊರೆದಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಬಣ್ಣ ಹಚ್ಚಿ ಮುಚ್ಚಬೇಡಿ, ಬಲ್ಲವರಿಗೆ ತೋರಿಸುವವರೆಗೆ ಓಡಿಸಲೂ ಬೇಡಿ. ಚಿತ್ರ ಕಳಿಸಿ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ಕೈಯಿಂದ ಮುಟ್ಟಿ ನೋಡದೆ ಹೇಳುವಂಥದ್ದಲ್ಲ ಅದು.

ವರ್ಷಗಟ್ಟಲೆ ಪ್ಯಾಕಿಂಗ್ ಬಿಚ್ಚದೆ ಇಟ್ಟಿರುವವರು ಚಾಕು, ಬ್ಲೇಡು ಮುಟ್ಟಬೇಡಿ. ಸೈಕಲ್ಲನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಟೇಪಿನ ಅಂಟು ಮೆತ್ತಗಾಗುತ್ತದೆ. ತುದಿ ಹುಡುಕಿ, ಬಣ್ಣಕ್ಕೆ ಒರಗಿಸಿಕೊಂಡೇ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅದು ನೆನೆದ ಮೇಲೆ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ತೊಳೆಯಿರಿ. ಥಿನ್ನರ್ ಹಾಕಿದರೆ ಅಂಟಿನ ಜೊತೆ ಬಣ್ಣವೂ ಬರುತ್ತದೆ. ಬಿಚ್ಚಿದ ಕೂಡಲೇ ವೆಲ್ಡಿಂಗಿನ ಸುತ್ತ ಬೆರಳಾಡಿಸಿ. ಒರಟಾಗಿ ಗುಳ್ಳೆ ತಾಗಿದರೆ ಅಂಗಡಿಗೆ ತನ್ನಿ.